ಹಳೆಯ ನಾಣ್ಯಗಳೂ ಗಾಳಿಯ ತೇವವೂ

ಇಂದಿನ ಹಳೇಬೀಡು ಹೊಯ್ಸಳರ ಕಾಲದಲ್ಲಿ ದೋರಸಮುದ್ರವೆಂಬ ರಾಜಧಾನಿಯಾಗಿದ್ದಿತು. ತಲಕಾಡನ್ನು ಚೋಳರಿಂದ ಗೆದ್ದುಕೊಂಡ ವಿಷ್ಣುವರ್ಧನನು ‘ಶ್ರೀ ತಲಕಾಡುಗೊಂಡ’ ಎಂಬ ಕನ್ನಡ ಬರಹವುಳ್ಳ ಚಿನ್ನದ ನಾಣ್ಯಗಳನ್ನು ಹೊರಡಿಸಿದನು. ಸುಮಾರು ಒಂಬತ್ತು ಶತಮಾನಗಳು ಕಳೆದರೂ ಆ ಅಕ್ಷರಗಳನ್ನು ಈಗಲೂ ಓದಬಹುದು. ಚಿನ್ನವು ಗಾಳಿಯೊಡನೆಯಾಗಲಿ ನೀರಿನೊಡನೆಯಾಗಲಿ ಸುಲಭವಾಗಿ ಸಂಯೋಗ ಹೊಂದುವುದಿಲ್ಲ. ಇದೇ ಅದರ ದೀರ್ಘಾಯುಸ್ಸಿನ ಗುಟ್ಟು.

ವಿದ್ಯಾರ್ಥಿಗಳ ಸಂಗ್ರಹದಲ್ಲಿ ಇಂತಹ ಚಿನ್ನ ಇರುವುದು ದುರ್ಲಭ. ಅರಸೀಕೆರೆ, ಬೇಲೂರುಗಳ ಮನೆಗಳಲ್ಲಿ ಅಜ್ಜಿಯರ ಸಂದೂಕವನ್ನು ತೆರೆದರೆ ದೊರೆಯಬಹುದಾದುವು ಬೇರೆ: ಆನೆಯ ಚಿತ್ರವುಳ್ಳ ಮೈಸೂರು ಸಂಸ್ಥಾನದ ತಾಮ್ರದ ಕಾಸು, ನೂರಕ್ಕೆ 91.7 ಭಾಗ ಬೆಳ್ಳಿಯಿದ್ದ ಬ್ರಿಟಿಷರ ಕಾಲದ ರೂಪಾಯಿ, 1943ರಿಂದ 1947ರವರೆಗಿನ ಕಂಚಿನ ತೂತುಕಾಸು, 1957ರಲ್ಲಿ ದಶಮಾಂಶ ಪದ್ಧತಿಯೊಡನೆ ಬಂದ ನಯೇ ಪೈಸೆ, ಅನಂತರದ ಅಲ್ಯೂಮಿನಿಯಂ ಪೈಸೆಗಳು. ಲೋಹ ಬೇರೆಯಾದಂತೆ ಅದಕ್ಕೆ ತಗಲುವ ರೋಗವೂ ಬೇರೆ. ಆದರೆ ಇವುಗಳಲ್ಲಿ ಬಹುಪಾಲಿಗೆ ಮುಖ್ಯ ಶತ್ರು ಒಂದೇ: ಗಾಳಿಯ ತೇವ. ಅದನ್ನು ಅಲ್ಪ ವೆಚ್ಚದಲ್ಲಿ ದೂರವಿಡುವುದು ಹೇಗೆಂಬುದನ್ನು ವಿಚಾರಮಾಡೋಣ.

ಮೊದಲು ಒಂದು ಎಚ್ಚರಿಕೆಯ ಮಾತು. ಹಿತ್ತಾಳೆಯ ಪಾತ್ರೆಯನ್ನು ಹುಣಿಸೆಹಣ್ಣು ಮತ್ತು ಉಪ್ಪಿನಿಂದ ತಿಕ್ಕಿ ಬೆಳಗುವುದು ನಮ್ಮ ಮನೆಗಳ ರೂಢಿ. ಹಳೆಯ ಕಾಸನ್ನೂ ಹಾಗೆಯೇ ಬೆಳಗಬೇಕೆಂಬ ಆಸೆ ಯಾರಿಗಾದರೂ ಹುಟ್ಟೀತು. ಹಾಗೆ ಮಾಡತಕ್ಕದ್ದಲ್ಲ. ಹುಣಿಸೆಯಲ್ಲಿರುವ ಟಾರ್ಟಾರಿಕ್ ಆಮ್ಲವು ನಾಣ್ಯದ ಮೇಲಿನ ಕಂದು ಪೊರೆಯನ್ನು ಕರಗಿಸುತ್ತದೆ. ಆ ಪೊರೆ ಕೊಳೆಯಲ್ಲ, ಒಳಗಿನ ಲೋಹಕ್ಕೆ ರಕ್ಷಾಕವಚ. ತಿಕ್ಕುವಾಗ ಸವೆದ ಅಕ್ಷರ ಮರಳಿ ಬಾರದು. ಇದಕ್ಕಿಂತ ಕೆಟ್ಟದ್ದು ಉಪ್ಪು. ಅದರ ಕ್ಲೋರೈಡು ಲೋಹದ ಸೂಕ್ಷ್ಮರಂಧ್ರಗಳಲ್ಲಿ ಸೇರಿಕೊಂಡರೆ ತೊಳೆದರೂ ಪೂರ್ತಿ ಹೋಗುವುದಿಲ್ಲ.

ಹೀಗೆ ಉಳಿದ ಕ್ಲೋರೈಡು ತಾಮ್ರದೊಡನೆ ಕೂಡಿ ಕ್ಯೂಪ್ರಸ್ ಕ್ಲೋರೈಡಾಗುತ್ತದೆ. ತೇವ ಮತ್ತು ಆಮ್ಲಜನಕ ಸಿಕ್ಕಿದೊಡನೆ ಅದು ತಿಳಿಹಸಿರು ಪುಡಿಯಾಗಿ ಮಾರ್ಪಟ್ಟು, ಜೊತೆಗೆ ಹೈಡ್ರೊಕ್ಲೋರಿಕ್ ಆಮ್ಲವನ್ನು ಬಿಡುಗಡೆಮಾಡುತ್ತದೆ. ಆ ಆಮ್ಲವು ಆಮ್ಲಜನಕದ ನೆರವಿನಿಂದ ಇನ್ನಷ್ಟು ತಾಮ್ರವನ್ನು ತಿಂದು ಮತ್ತೆ ಕ್ಯೂಪ್ರಸ್ ಕ್ಲೋರೈಡನ್ನು ಕೊಡುತ್ತದೆ. ಚಕ್ರವು ಹೀಗೆಯೇ ತಿರುಗುತ್ತ ನಾಣ್ಯವನ್ನು ಟೊಳ್ಳುಮಾಡುತ್ತದೆ. ವಿಜ್ಞಾನಿಗಳು ಇದನ್ನು ‘ಕಂಚಿನ ರೋಗ’ವೆಂದು ಕರೆಯುತ್ತಾರೆ. ಗಟ್ಟಿಯಾದ ಕಂದು ಅಥವಾ ಕಡುಹಸಿರು ಪೊರೆಯಿಂದ ಅಪಾಯವಿಲ್ಲ. ಮುಟ್ಟಿದರೆ ಉದುರುವ, ಒರಸಿದರೂ ಮತ್ತೆ ಕಾಣುವ ತಿಳಿಹಸಿರು ಕಿಲುಬು ಈ ರೋಗದ ಲಕ್ಷಣ. ಅಂತಹ ನಾಣ್ಯವನ್ನು ಕೂಡಲೆ ಬೇರೆಯಾಗಿ, ಒಣಗಿದ ಸ್ಥಳದಲ್ಲಿ ಇಡಬೇಕು. ಆರ್ದ್ರತೆ ನೂರಕ್ಕೆ 40ಕ್ಕಿಂತ ಕಡಮೆಯಾದರೆ ಈ ಕ್ರಿಯೆ ಬಹುಮಟ್ಟಿಗೆ ನಿಲ್ಲುತ್ತದೆ.

ಬೇಲೂರು ಮಲೆನಾಡಿನ ಅಂಚಿನಲ್ಲಿದೆ. ಅಲ್ಲಿಯ ಮಳೆಗಾಲದ ತೇವವನ್ನು ಹೇಳಬೇಕಾದುದಿಲ್ಲ. ಅರಸೀಕೆರೆಯಾದರೋ ಬಯಲುಸೀಮೆ. ಅಲ್ಲಿಯ ಸಂಗ್ರಾಹಕನು ನಿಶ್ಚಿಂತನಾಗಿರಬಹುದೆ? ಲೆಕ್ಕ ಮಾಡಿ ನೋಡೋಣ. 30° ಸೆಲ್ಸಿಯಸ್ ಉಷ್ಣತೆಯಲ್ಲಿ ಒಂದು ಘನ ಮೀಟರು ಗಾಳಿಯು ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿಯನ್ನು ಹಿಡಿಯಬಲ್ಲುದು. 20°ಯಲ್ಲಿ ಸುಮಾರು 17 ಗ್ರಾಂ ಮಾತ್ರ. ಮಧ್ಯಾಹ್ನ 30°ಯಲ್ಲಿ ಗಾಳಿಯಲ್ಲಿ 15 ಗ್ರಾಂ ಆವಿಯಿದ್ದರೆ ಸಾಪೇಕ್ಷ ಆರ್ದ್ರತೆ ನೂರಕ್ಕೆ 50. ಅದೇ ಗಾಳಿ ರಾತ್ರಿ 20°ಗೆ ತಣಿದಾಗ, ಒಂದು ತೊಟ್ಟು ನೀರೂ ಹೆಚ್ಚದೆ ಆರ್ದ್ರತೆಯು ನೂರಕ್ಕೆ 88ಕ್ಕೆ ಏರುತ್ತದೆ. ಆದುದರಿಂದ ಹಗಲು ಒಣಗಿದಂತೆ ತೋರುವ ಊರಿನಲ್ಲಿಯೂ ನಾಣ್ಯಕ್ಕೆ ರಾತ್ರಿಯ ಅಪಾಯ ತಪ್ಪಿದ್ದಲ್ಲ.

ಬೇರೆ ಬೇರೆ ಲೋಹದ ನಾಣ್ಯಗಳನ್ನು ಒಂದೇ ಚೀಲದಲ್ಲಿ ತುಂಬಿಡುವುದೂ ತಪ್ಪು. ಎರಡು ಲೋಹಗಳು ಒಂದಕ್ಕೊಂದು ತಾಗಿದ್ದು, ನಡುವೆ ಬೆರಳಿನ ಬೆವರಿನ ಉಪ್ಪುನೀರು ಇದ್ದರೆ, ಅದು ವೋಲ್ಟನ ವಿದ್ಯುತ್ಕೋಶದ ಒಂದು ಚಿಕ್ಕ ಪ್ರತಿರೂಪವಾಗುತ್ತದೆ. ತಾಮ್ರಕ್ಕೆ ತಗಲಿದ ಅಲ್ಯೂಮಿನಿಯಂ ಪೈಸೆ ಬಹುಬೇಗ ಸವೆಯುವುದು ಇದರಿಂದಲೇ. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕ. ರಬ್ಬರ್ ಬ್ಯಾಂಡಿನಲ್ಲಿಯೂ ಉಣ್ಣೆಯಲ್ಲಿಯೂ ಗಂಧಕವಿರುವುದರಿಂದ ಅವನ್ನು ಬೆಳ್ಳಿಯ ಹತ್ತಿರ ಇಡಬಾರದು.

ಇನ್ನು ಕಾಪಾಡುವ ಕ್ರಮ. ಪ್ರತಿ ನಾಣ್ಯಕ್ಕೂ ಒಂದೊಂದು ಚಿಕ್ಕ ಕಾಗದದ ಲಕೋಟೆ ಮಾಡಿಕೊಳ್ಳಿ. ಆಮ್ಲರಹಿತ ಕಾಗದ ದೊರೆತರೆ ಉತ್ತಮ. ವೃತ್ತಪತ್ರಿಕೆಯ ಕಾಗದದಲ್ಲಿ ಆಮ್ಲವಿರುವುದರಿಂದ ಅದು ಬೇಡ. ನಾಣ್ಯವನ್ನು ಒಳಗಿಡುವ ಮೊದಲೇ ಲಕೋಟೆಯ ಮೇಲೆ ಪೆನ್ಸಿಲಿನಿಂದ ಲೋಹ, ತೂಕ, ವ್ಯಾಸ, ದೊರೆತ ಸ್ಥಳ ಇವನ್ನು ಬರೆಯಿರಿ. ನಾಣ್ಯವನ್ನು ಯಾವಾಗಲೂ ಅಂಚಿನಲ್ಲಿಯೇ ಹಿಡಿಯಿರಿ.

ಅಂಗಡಿಯ ಮೆತುವಾದ ಪ್ಲಾಸ್ಟಿಕ್ ಜೇಬುಗಳನ್ನು ಕಂಡು ಮಾರುಹೋಗಬೇಡಿ. ಅವುಗಳಲ್ಲಿ ಅನೇಕವು ಪಿ.ವಿ.ಸಿ.ಯಿಂದ ಮಾಡಿದವು, ಕಾಲಕ್ರಮದಲ್ಲಿ ಆಮ್ಲವನ್ನು ಬಿಟ್ಟು ನಾಣ್ಯಕ್ಕೆ ಹಸಿರು ಅಂಟನ್ನು ಹಚ್ಚುತ್ತವೆ. ಕಾಲೇಜಿನ ಪ್ರಯೋಗಶಾಲೆಯಲ್ಲಿ ಅಧ್ಯಾಪಕರ ಸಮ್ಮುಖದಲ್ಲಿ ಇದನ್ನು ಪರೀಕ್ಷಿಸಬಹುದು. ಕಾದ ತಾಮ್ರದ ತಂತಿಯನ್ನು ಪ್ಲಾಸ್ಟಿಕಿಗೆ ತಾಕಿಸಿ ಮತ್ತೆ ಜ್ವಾಲೆಯಲ್ಲಿ ಹಿಡಿದಾಗ ಹಸಿರು ಬಣ್ಣ ತೋರಿದರೆ ಅದರಲ್ಲಿ ಕ್ಲೋರೀನ್ ಇದೆಯೆಂದು ತಿಳಿಯಬೇಕು. ಪಾಲಿಥೀನಿನಿಂದ ಈ ತೊಂದರೆಯಿಲ್ಲ.

ಲಕೋಟೆಗಳನ್ನು ಲೋಹವಾರು ವಿಂಗಡಿಸಿ, ಮುಚ್ಚಳ ಬಿಗಿಯಾದ ಅಗಲಬಾಯಿಯ ಗಾಜಿನ ಭರಣಿಗಳಲ್ಲಿ ಇಡಿ. ಪಾದರಕ್ಷೆಯ ಪೆಟ್ಟಿಗೆಗಳಲ್ಲಿ ಬರುವ ಸಿಲಿಕಾ ಜೆಲ್ ಹರಳುಗಳನ್ನು ಎಸೆಯದೆ, ಬಟ್ಟೆಯ ಚಿಕ್ಕ ಗಂಟಿನಲ್ಲಿ ಕಟ್ಟಿ ಭರಣಿಯ ತಳದಲ್ಲಿಡಿ. ಅವು ತೇವವನ್ನು ಹೀರಿ ತೂಕದಲ್ಲಿ ಹೆಚ್ಚುತ್ತವೆ. ಆದುದರಿಂದ ತಿಂಗಳಿಗೊಮ್ಮೆ ಗಂಟನ್ನು ತೂಗಿ ನೋಡಿ. ತೂಕ ಏರಿದ್ದರೆ ಹರಳುಗಳನ್ನು ಹೊರತೆಗೆದು ಸುಮಾರು 120°ಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಉಪಯೋಗಿಸಬಹುದು. ಭರಣಿಯನ್ನು ಬಿಸಿಲು ಬೀಳದ, ಉಷ್ಣತೆ ಹೆಚ್ಚಾಗಿ ಏರಿಳಿಯದ ಒಳಗೋಡೆಯ ಗೂಡಿನಲ್ಲಿಡುವುದು ಮೇಲು.

ಹಳೇಬೀಡಿನಂತಹ ಪ್ರಾಚೀನ ಸ್ಥಳದಲ್ಲಿ ನೆಲ ಅಗೆಯುವಾಗ ನಾಣ್ಯಗಳು ಸಿಕ್ಕಿದರೆ ಅವನ್ನು ತೊಳೆಯದೆ, ಹಂಚಿಕೊಳ್ಳದೆ ಸರ್ಕಾರದ ಅಧಿಕಾರಿಗಳಿಗೆ ತಿಳಿಸತಕ್ಕದ್ದು. ನಿಧಿಯ ವಿಷಯದಲ್ಲಿ ಕಾನೂನೇ ಇದೆ. ಯಾವ ಮಣ್ಣಿನಲ್ಲಿ, ಯಾವುದರ ಜೊತೆಯಲ್ಲಿ ದೊರೆಯಿತೆಂಬ ವಿವರವೂ ಇತಿಹಾಸಕಾರನಿಗೆ ನಾಣ್ಯದಷ್ಟೇ ಅಮೂಲ್ಯ. ಮನೆಯ ಸಂಗ್ರಹವಾದರೆ ಇಷ್ಟು ನಿಯಮ ಸಾಕು: ತಿಕ್ಕಬೇಡಿ, ಬೆರೆಸಬೇಡಿ, ಒಣಗಿಸಿಡಿ. ಕೆಲವು ಲಕೋಟೆ, ಒಂದೆರಡು ಭರಣಿ, ಒಂದು ಹಿಡಿ ಹರಳು, ಇವುಗಳ ಹೊರತು ಬೇರೆ ವೆಚ್ಚವೇನೂ ಬೀಳದು.