ಅಲೆಂಬಿಕ್ ಬೇಸ್ ಗಿಟಾರ್ ಒಳಗೆ ಏನಿದೆ?

ನಮ್ಮ ಮ್ಯೂಸಿಕ್ ಟೀಮ್‌ನವರು ಚಂದಾ ಎತ್ತಿ ಒಂದು ಬೇಸ್ ಗಿಟಾರ್ ಕೊಳ್ಳೋಣ ಅಂತ ಹೊರಟಿದ್ದಾರೆ. ಆಕ್ಟಿವ್ ತಗೋಬೇಕಾ, ಪ್ಯಾಸಿವ್ ತಗೋಬೇಕಾ ಅಂತ ಕ್ಯಾಂಟೀನ್‌ನಲ್ಲಿ ದಿನಾ ಜಗಳ. ಎರಡೂ ಕಡೆಯವರಿಗೆ ಬ್ರ್ಯಾಂಡ್ ಹೆಸರು ಗೊತ್ತು, ಸರ್ಕ್ಯೂಟ್ ಗೊತ್ತಿಲ್ಲ. ಹಾಗಾಗಿ ಈ ಪಾಠ.

ಅಮೆರಿಕದ ಸ್ಟ್ಯಾನ್ಲಿ ಕ್ಲಾರ್ಕ್ 1970ರ ದಶಕದಿಂದ ನುಡಿಸ್ತಾ ಬಂದಿರುವುದು ಅಲೆಂಬಿಕ್ ಬೇಸ್. ಇವತ್ತು ಆ ಕಂಪನಿಯ ಒಂದು ಸೀರೀಸ್ ಬೇಸ್ ಕೊಳ್ಳೋ ದುಡ್ಡಲ್ಲಿ ಕಾರೇ ಬರುತ್ತೆ. ಅಷ್ಟು ದುಡ್ಡು ಯಾಕೆ? ಒಳ್ಳೆ ಮರ, ಕೈಕೆಲಸ ಎಲ್ಲಾ ಸರಿ, ಆದರೆ ನಮಗೆ ಬೇಕಾದ್ದು ಒಳಗಿನ ಎಲೆಕ್ಟ್ರಾನಿಕ್ಸ್. ಅದನ್ನು ರೂಪಿಸಿದ ರಾನ್ ವಿಕರ್‌ಶಾಮ್ ಮೊದಲು ಟೇಪ್ ರೆಕಾರ್ಡರ್ ತಯಾರಿಸುವ ಆಂಪೆಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದವರು.

ಸಾಮಾನ್ಯ ಪ್ಯಾಸಿವ್ ಪಿಕಪ್ ಅಂದ್ರೆ ಆಯಸ್ಕಾಂತದ ಸುತ್ತ ಸಾವಿರಾರು ಸುತ್ತು ತೆಳು ತಾಮ್ರದ ತಂತಿ. ಮೇಲೆ ಉಕ್ಕಿನ ತಂತಿ ಅದುರಿದರೆ ಕಾಯಿಲ್‌ನಲ್ಲಿ ವೋಲ್ಟೇಜ್ ಹುಟ್ಟುತ್ತೆ, ಫ್ಯಾರಡೆ ನಿಯಮ ಅಷ್ಟೇ. ಸುತ್ತು ಜಾಸ್ತಿಯಾದಷ್ಟೂ ವೋಲ್ಟೇಜ್ ಜಾಸ್ತಿ, ಜೊತೆಗೆ ಇಂಡಕ್ಟೆನ್ಸ್ ಕೂಡ ಏರುತ್ತೆ. ಕೇಬಲ್‌ಗೆ ತನ್ನದೇ ಕೆಪಾಸಿಟೆನ್ಸ್ ಇರುತ್ತೆ, ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಅಂದುಕೊಳ್ಳಿ. ಇಂಡಕ್ಟರ್ ಮತ್ತು ಕೆಪಾಸಿಟರ್ ಸೇರಿದರೆ ಏನು? ಫಸ್ಟ್ ಇಯರ್‌ನಲ್ಲೇ ಓದಿದ ಲೋ-ಪಾಸ್ ಫಿಲ್ಟರ್!

ಲೆಕ್ಕ ಹಾಕೋಣ. ಪಿಕಪ್ 4 ಹೆನ್ರಿ, ಕೇಬಲ್ 5 ಮೀಟರ್ ಆದರೆ ರೆಸೊನೆನ್ಸ್ ಸುಮಾರು 3,560 ಹರ್ಟ್ಝ್. ಸ್ಟೇಜ್ ದೊಡ್ಡದು ಅಂತ 10 ಮೀಟರ್ ಕೇಬಲ್ ಹಾಕಿದರೆ ಅದು ಸುಮಾರು 2,520ಕ್ಕೆ ಇಳಿಯುತ್ತೆ. ಇ ತಂತಿಯ ಮೂಲ ಸ್ವರ 41 ಹರ್ಟ್ಝ್, ಅದಕ್ಕೇನೂ ಆಗಲ್ಲ. ಮಂಕಾಗೋದು ಬೆರಳು ತಂತಿಗೆ ತಾಗುವ ಆ ಚುರುಕು ಸದ್ದು.

ಅಲೆಂಬಿಕ್‌ನವರು ಸುತ್ತು ಕಡಿಮೆ ಮಾಡಿದರು. ಇಂಡಕ್ಟೆನ್ಸ್ ಇಳೀತು, ಸಿಗ್ನಲ್ಲೂ ಸಣ್ಣದಾಯ್ತು. ಆ ಕೊರತೆ ತುಂಬೋಕೆ ಗಿಟಾರ್ ಒಳಗೇ ಪ್ರೀಆಂಪ್ ಕೂರಿಸಿದರು. ಅದರ ಔಟ್‌ಪುಟ್ ಇಂಪೀಡೆನ್ಸ್ ಕಡಿಮೆ ಇರೋದರಿಂದ ಕೇಬಲ್ ಉದ್ದವಾದರೂ ಸದ್ದು ಹೆಚ್ಚುಕಮ್ಮಿ ಹಾಗೇ ಇರುತ್ತೆ. ಸೀರೀಸ್ ಬೇಸ್‌ನಲ್ಲಿ ಎರಡು ಪಿಕಪ್ ನಡುವೆ ಇನ್ನೊಂದು ಕಾಯಿಲ್ ಇದೆ. ಅದು ತಂತಿಯ ಸದ್ದು ಹಿಡಿಯಲ್ಲ, ಕರೆಂಟ್ ಲೈನಿನ ಗುಂಯ್ ಮಾತ್ರ ಹಿಡಿದು ಕಳೆದುಬಿಡುತ್ತೆ. ನನಗೆ ತುಂಬಾ ಇಷ್ಟವಾದ ಐಡಿಯಾ ಇದೇ.

ಕ್ಲಾರ್ಕ್ ಬೇಸ್‌ನ ತಂತಿ ಉದ್ದ 30.75 ಇಂಚು, ಮಾಮೂಲಿ ಬೇಸ್‌ದು 34. ಅದೇ ತಂತಿ, ಅದೇ ಸ್ವರಕ್ಕೆ ಬಿಗಿತ ಉದ್ದದ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ, ಅಂದ್ರೆ ಸುಮಾರು ಶೇ. 18 ಕಡಿಮೆ. ಅವರ ವೇಗಕ್ಕೆ ಇದೂ ಸ್ವಲ್ಪ ಸಹಾಯ ಮಾಡಿರಬೇಕು.

ಇನ್ನು ಪ್ಯಾಸಿವ್ ಪಾರ್ಟಿಯವರ ಪರವಾಗಿ: ಮೋಟೌನ್‌ನ ಜೇಮ್ಸ್ ಜೇಮರ್‌ಸನ್ ಹತ್ತಿರ ಇದ್ದದ್ದು 1962ರ ಫೆಂಡರ್ ಪ್ರಿಸಿಷನ್. ಬ್ಯಾಟರಿ ಇಲ್ಲ, ಪ್ರೀಆಂಪ್ ಇಲ್ಲ. ತಂತಿ ತುಂಡಾಗದ ಹೊರತು ಬದಲಾಯಿಸ್ತಿರಲಿಲ್ಲ, ಮೀಟೋಕೆ ಒಂದೇ ಬೆರಳು. ಅವರಿಗೆ ಬೇಕಾಗಿದ್ದೇ ಆ ಮಂಕು ಸದ್ದು. ನಮ್ಮ ಬಜೆಟ್‌ಗೆ ನನ್ನ ಓಟು ಪ್ಯಾಸಿವ್‌ಗೇ, ಉಳಿದ ದುಡ್ಡಲ್ಲಿ ಒಂದು ಚಿಕ್ಕ ಒಳ್ಳೆ ಕೇಬಲ್.

ನಂಬಿಕೆ ಬರದಿದ್ದರೆ ಲ್ಯಾಬ್‌ನ ಎಲ್‌ಸಿಆರ್ ಮೀಟರ್‌ನಲ್ಲಿ ಎರಡು ಕೇಬಲ್‌ಗಳ ಕೆಪಾಸಿಟೆನ್ಸ್ ಅಳೆಯಿರಿ. ಆಮೇಲೆ ಟೋನ್ ನಾಬ್ ಪೂರ್ತಿ ತೆಗೆದು, ಒಂದೇ ಬೇಸ್‌ಗೆ ಎರಡನ್ನೂ ಹಾಕಿ ಕೇಳಿ.