ಇಳಿವಯಸ್ಸಿಗೂ ಒಂದು ಕರೆ: ಕತ್ತಲ ನಾಡಿಗೆ ಹೊರಟವರಿಗೆ



ಕೆ.ಜಿ.ಎಫ್.ನ ಹಿರಿಯ ದಂಪತಿಗಳಿಬ್ಬರು ಭಾನುವಾರದ ಬಲಿಪೂಜೆಯ ನಂತರ ನನ್ನನ್ನು ಕಾಣಲು ಬಂದರು. ಯಜಮಾನರು ಗಣಿಯಲ್ಲಿ ದುಡಿದವರು. ಮಗ-ಸೊಸೆ ನಾರ್ವೆ ದೇಶದ ಉತ್ತರ ತುದಿಯಲ್ಲಿದ್ದಾರೆ.

"ಮಗುವನ್ನು ನೋಡಿಕೊಳ್ಳೋಕೆ ಬನ್ನಿ ಅಂತ ಕರೀತಿದ್ದಾನೆ, ಫಾದರ್. ಅಲ್ಲಿ ಚಳಿಗಾಲದಲ್ಲಿ ಸೂರ್ಯನೇ ಹುಟ್ಟಲ್ಲವಂತೆ. ಈ ವಯಸ್ಸಿನಲ್ಲಿ ನಾವು ಅಲ್ಲಿ ಹೋಗಿ ಏನು ಮಾಡೋದು?" ಎಂದರು ತಾಯಿ.

ಯಜಮಾನರು ಮೆಲ್ಲಗೆ ಹೇಳಿದರು: "ಕತ್ತಲೆಗೆ ನಾನು ಹೆದರೋನಲ್ಲ, ಫಾದರ್. ಸುಮ್ಮನೆ ಕೂರೋದಕ್ಕೆ ಹೆದರ್ತೀನಿ."

ಇದು ಅವರೊಬ್ಬರ ಭಯವಲ್ಲ. ಕೆ.ಜಿ.ಎಫ್. ಮತ್ತು ಬಂಗಾರಪೇಟೆಯ ಎಷ್ಟೋ ಮನೆಗಳ ಮಕ್ಕಳು ಇಂದು ದೂರದ ಊರುಗಳಲ್ಲಿದ್ದಾರೆ. ಆದ್ದರಿಂದ ಈ ಪ್ರಶ್ನೆಯನ್ನು ಎಲ್ಲರೂ ಕೂಡಿ ಚಿಂತಿಸೋಣ.

ಆ ನಾಡು ಎಂಥದು?

ಉತ್ತರ ನಾರ್ವೆಯ ಟ್ರೊಮ್ಸೊ ಪಟ್ಟಣದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಮೇಲೇಳುವುದಿಲ್ಲ. ನಡುಹಗಲಿನಲ್ಲಿ ಕೆಲವು ತಾಸು ನಸುನೀಲಿ ಬೆಳಕು ಮಾತ್ರ. ಸುತ್ತಲೂ ಬೆಟ್ಟಗಳಿರುವುದರಿಂದ ಊರಿಗೆ ಸೂರ್ಯ ಕಾಣುವುದು ಸುಮಾರು ಜನವರಿ 21ಕ್ಕೆ. ಆ ದಿನವನ್ನು ಜನ ಹಬ್ಬದಂತೆ ಆಚರಿಸುತ್ತಾರೆ.

ಅಲ್ಲಿನ ಬಹುಪಾಲು ಕ್ರೈಸ್ತರು ಲುಥೆರನ್ ಸಭೆಗೆ ಸೇರಿದವರು. ಕಥೋಲಿಕರು ತೀರಾ ಕಡಿಮೆ. ಅವರಲ್ಲೂ ಪೋಲೆಂಡ್, ಫಿಲಿಪ್ಪೀನ್ಸ್ ಮುಂತಾದ ಕಡೆಗಳಿಂದ ಬಂದವರೇ ಹೆಚ್ಚು. ಮೀನಿನ ಕಾರ್ಖಾನೆಗಳಲ್ಲಿ ದುಡಿಯಲು ಬಂದ ಶ್ರೀಲಂಕಾದ ತಮಿಳರೂ ಉಂಟು. ಆ ಕತ್ತಲೆಯ ನಡುವೆಯೇ 1990ರಲ್ಲಿ ಟ್ರೊಮ್ಸೊದಲ್ಲಿ ಕಾರ್ಮೆಲ್ ಮಠವೊಂದು ಆರಂಭವಾಯಿತು. ಐಸ್‌ಲ್ಯಾಂಡಿನಿಂದ ಬಂದ ಪೋಲೆಂಡ್ ಮೂಲದ ಸಹೋದರಿಯರು ಅದನ್ನು ಕಟ್ಟಿದರು. ಎಂದರೆ, ನಮ್ಮ ದಂಪತಿಗಳು ಹೋಗುವ ಕಡೆ ಪ್ರಾರ್ಥನೆಯ ದೀಪ ಈಗಾಗಲೇ ಉರಿಯುತ್ತಿದೆ.

ವಯಸ್ಸಾದವರನ್ನು ದೇವರು ಕಳುಹಿಸುವರೇ?

ಪವಿತ್ರ ಗ್ರಂಥವನ್ನು ತೆರೆಯಿರಿ. ಹಾರಾನನ್ನು ಬಿಟ್ಟು ಹೊರಟಾಗ ಅಬ್ರಹಾಮನಿಗೆ 75 ವರ್ಷ. ದೇವಾಲಯದಲ್ಲಿ ಬಾಲಯೇಸುವನ್ನು ಗುರುತಿಸಿ, ಆತನ ವಿಷಯವನ್ನು ಕಂಡಕಂಡವರಿಗೆಲ್ಲ ಸಾರಿದ ಅನ್ನಾ ಇಳಿವಯಸ್ಸಿನ ವಿಧವೆ. ಪ್ರೇಷಿತರ ಕಾರ್ಯಕಲಾಪಗಳ 18ನೇ ಅಧ್ಯಾಯದಲ್ಲಿ ಬರುವ ಅಕ್ವಿಲ-ಪ್ರಿಸ್ಸಿಲ ದಂಪತಿಗಳು ಗುಡಾರ ಮಾಡುವ ಕಸುಬಿನವರು. ಅವರೇನೂ ವೇದಿಕೆ ಏರಲಿಲ್ಲ. ಪೌಲರಿಗೆ ಮನೆಯಲ್ಲಿ ಜಾಗ ಕೊಟ್ಟರು, ಅಪೊಲ್ಲೋಸನನ್ನು ಕರೆದು ವಿಶ್ವಾಸವನ್ನು ಬಿಡಿಸಿ ಹೇಳಿದರು. ಅಷ್ಟೇ. ಅದೇ ಅವರ ಸುವಾರ್ತಾ ಸೇವೆ.

ನಮ್ಮ ಕಾಲದಲ್ಲೇ ನೋಡಿ. 1979ರ ಡಿಸೆಂಬರ್ 10ರಂದು ನೊಬೆಲ್ ಶಾಂತಿ ಪ್ರಶಸ್ತಿ ಪಡೆಯಲು ಓಸ್ಲೊ ನಗರಕ್ಕೆ ಹೋದಾಗ ಮದರ್ ತೆರೇಸಾ ಅವರಿಗೆ 69 ವರ್ಷ. ತಮ್ಮ ಗೌರವಾರ್ಥ ನಡೆಯಬೇಕಿದ್ದ ಔತಣವನ್ನು ಬಿಡಿಸಿ, ಆ ಹಣ ಬಡವರಿಗೆ ಸೇರುವಂತೆ ಮಾಡಿದರು. ನಾರ್ವೆಯ ಚಳಿಗಾಲಕ್ಕೆ ಆ ವೃದ್ಧೆ ಕೊಟ್ಟ ಬೋಧನೆ ಅದು.

ಜಗದ್ಗುರು ಫ್ರಾನ್ಸಿಸರು 2021ರಲ್ಲಿ ಅಜ್ಜ-ಅಜ್ಜಿಯರ ಹಾಗೂ ಹಿರಿಯರ ವಿಶ್ವದಿನವನ್ನು ಜುಲೈ ತಿಂಗಳ ನಾಲ್ಕನೆಯ ಭಾನುವಾರಕ್ಕೆ ನಿಗದಿಪಡಿಸಿದರು. ಹಿರಿಯರು ಧರ್ಮಸಭೆಗೆ ಹೊರೆಯಲ್ಲ ಎಂಬುದೇ ಅದರ ಅರ್ಥ.

ತಲೆಯ ಮೇಲಿನ ದೀಪ

ಡಿಸೆಂಬರ್ 13 ಸಂತ ಲೂಸಿಯಳ ಹಬ್ಬ. ಸ್ವೀಡನ್ ಮತ್ತು ನಾರ್ವೆಗಳಲ್ಲಿ ಅಂದು ಹುಡುಗಿಯೊಬ್ಬಳು ಬಿಳಿಯ ನಿಲುವಂಗಿ ತೊಟ್ಟು, ತಲೆಯ ಮೇಲೆ ಉರಿಯುವ ದೀಪಗಳ ಕಿರೀಟ ಧರಿಸಿ ಬರುತ್ತಾಳೆ. ನೆಲದಡಿಯ ಸುರಂಗಗಳಲ್ಲಿ ಅಡಗಿದ್ದ ಕ್ರೈಸ್ತರಿಗೆ ಊಟ ಒಯ್ಯುವಾಗ, ಎರಡೂ ಕೈಗಳಲ್ಲಿ ಆಹಾರ ಹಿಡಿಯಬೇಕಾಗಿದ್ದರಿಂದ ಲೂಸಿಯ ದೀಪವನ್ನು ತಲೆಗೆ ಕಟ್ಟಿಕೊಂಡಳೆಂದು ಐತಿಹ್ಯ.

ಇದನ್ನು ಹೇಳುತ್ತಿದ್ದಂತೆ ಯಜಮಾನರ ಕಣ್ಣು ಮಿನುಗಿತು. ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದ ನಮ್ಮ ಗಣಿಯಲ್ಲಿ ಕಾರ್ಮಿಕರು ದೀಪ ಹೊತ್ತದ್ದೂ ತಲೆಯ ಮೇಲೆಯೇ ಅಲ್ಲವೇ? ಬೆಳಕು ಬರಲಿ ಎಂದು ಅವರು ಕಾದು ಕೂರಲಿಲ್ಲ, ಹೊತ್ತುಕೊಂಡೇ ಇಳಿದರು. ದೀಪ ತಲೆಯ ಮೇಲಿದ್ದುದರಿಂದ ಕೈಗಳು ಕೆಲಸಕ್ಕೆ ಬಿಡುವಾದವು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು, ನಿಜ. ಆದರೆ ಆ ಪಾಠ ಮುಚ್ಚಿಹೋಗಿಲ್ಲ. ವಿಶ್ವಾಸವೂ ಹೀಗೆಯೇ. ಅದು ಕೈಯಲ್ಲಿ ಹಿಡಿದು ಇತರರಿಗೆ ತೋರಿಸುವ ವಸ್ತುವಲ್ಲ, ತಲೆಯ ಮೇಲೆ ಹೊತ್ತು ಕೈಗಳನ್ನು ಸೇವೆಗೆ ಕೊಡುವ ಬೆಳಕು.

ಹೊರಡುವ ಮುನ್ನ

ಮೊದಲು ವೈದ್ಯರನ್ನು ಕಾಣಿರಿ. ಗಣಿಯ ಧೂಳು ಕುಡಿದ ಶ್ವಾಸಕೋಶಕ್ಕೆ ಕೊರೆಯುವ ಚಳಿಗಾಳಿ ಆಗಿಬರದಿರಬಹುದು. ವೈದ್ಯರು ಬೇಡವೆಂದರೆ ಅದನ್ನೂ ದೇವರ ಮಾತೆಂದೇ ತಿಳಿಯಿರಿ. ಹೋದರೆ, ನಡುಹಗಲಿನ ನಸುಬೆಳಕಿನಲ್ಲಿ ದಿನವೂ ಸ್ವಲ್ಪ ಹೊತ್ತು ಹೊರಗೆ ನಡೆಯಿರಿ. ಮಂಜುಗಡ್ಡೆಯ ಮೇಲೆ ಜಾರದ ಪಾದರಕ್ಷೆ ಕೊಳ್ಳಿರಿ.

ಎರಡನೆಯದು, ಸಮೀಪದ ಕಥೋಲಿಕ ಧರ್ಮಕೇಂದ್ರ ಎಲ್ಲಿದೆಯೆಂದು ಮಗನಿಂದ ಈಗಲೇ ತಿಳಿದುಕೊಳ್ಳಿರಿ. ಇಲ್ಲಿಂದ ಪರಿಚಯ ಪತ್ರ ಕೊಡುತ್ತೇನೆ. ನಿಮ್ಮ ತಮಿಳು ಅಲ್ಲಿ ಯಾವುದೋ ಒಂಟಿ ತಾಯಿಯ ಕಿವಿಗೆ ಜೇನಾಗಬಹುದು. ನೀವು ಮಾಡಿದ ಸಾರು ಜ್ವರದಲ್ಲಿ ಮಲಗಿದ ನೆರೆಯವರಿಗೆ ತಲುಪಬಹುದು. ಸಂಜೆ ಮೊಮ್ಮಗುವಿನೊಡನೆ ಜಪಸರ ಹಿಡಿಯಿರಿ. ಯಾರೊಡನೆಯೂ ಮತದ ವಾದ ಬೇಡ.

ಮಕ್ಕಳಿಗೂ ಒಂದು ಮಾತು. ತಂದೆತಾಯಿಯರನ್ನು ಕರೆಸಿಕೊಂಡು, ಮಗುವಿನ ಜೊತೆ ನಾಲ್ಕು ಗೋಡೆಗಳ ನಡುವೆ ಕೂರಿಸಿ ಕೆಲಸಕ್ಕೆ ಹೋಗಿಬಿಟ್ಟರೆ, ಹೊರಗಿನ ಕತ್ತಲೆಗಿಂತ ಒಳಗಿನ ಕತ್ತಲೆ ಅವರನ್ನು ಹೆಚ್ಚು ಕಾಡುತ್ತದೆ. ಭಾನುವಾರ ಅವರನ್ನು ದೇವಾಲಯಕ್ಕೆ ಕರೆದುಕೊಂಡು ಹೋಗುವುದು ನಿಮ್ಮ ಕರ್ತವ್ಯ.

ಹೋಗಲಾಗದವರು

ಲಿಸಿಯೂವಿನ ಸಂತ ತೆರೇಸಳು ತನ್ನ ಕಾರ್ಮೆಲ್ ಮಠದಿಂದ ಯಾವ ಮಿಷನ್ ನಾಡಿಗೂ ಹೋಗಲಿಲ್ಲ. 24ನೆಯ ವಯಸ್ಸಿನಲ್ಲಿ ಅಲ್ಲೇ ತೀರಿಕೊಂಡಳು. ಆದರೂ ಧರ್ಮಸಭೆ 1927ರಲ್ಲಿ ಆಕೆಯನ್ನು ಮಿಷನ್‌ಗಳ ಪಾಲಕಿಯೆಂದು ಘೋಷಿಸಿತು. ಬಂಗಾರಪೇಟೆಯ ಮನೆಯ ಜಗಲಿಯಲ್ಲಿ ಕುಳಿತು ದೂರದ ಮಕ್ಕಳಿಗಾಗಿ ಜಪಿಸುವ ಅಜ್ಜಿಯೂ ಕಳುಹಿಸಲ್ಪಟ್ಟವಳೇ. ಒಂದು ಕಾಲದಲ್ಲಿ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಘದ ಗುರುಗಳು ಮೈಸೂರು ಸೀಮೆಯ ಬಿಸಿಲಿಗೆ ಬಂದು ಇಲ್ಲೇ ಮಣ್ಣಾದರು. ಆ ಋಣವನ್ನು ತೀರಿಸುವ ಸರದಿ ಈಗ ನಮ್ಮದು.

ಇಷ್ಟೆಲ್ಲ ಕೇಳಿದ ಯಜಮಾನರು ಎದ್ದು, ಟೋಪಿ ಸರಿಪಡಿಸಿಕೊಂಡು ಹೆಂಡತಿಗೆ ಹೇಳಿದರು: "ನಡಿಯಮ್ಮ, ಮೊದಲು ಡಾಕ್ಟರನ್ನ ನೋಡೋಣ. ಇನ್ನೊಂದು ಶಿಫ್ಟ್ ಬಾಕಿ ಇದೆ ಅಂತಾಯ್ತು."

ಕುಟುಂಬದಲ್ಲಿ ಚಿಂತಿಸಲು:
1. ನಮ್ಮ ಮನೆಯ ಹಿರಿಯರಿಗೆ ನಾವು ಕೊಟ್ಟಿರುವುದು ಕೆಲಸವನ್ನೋ, ಗೌರವದ ಹೊಣೆಯನ್ನೋ?
2. ದೂರದಲ್ಲಿರುವ ಯಾರಿಗೆ ಈ ವಾರ ನಾವು ಬೆಳಕಾಗಬಲ್ಲೆವು?