ಮನೆತನದ ಮೂಲ ಹುಡುಕುವ ಬಗೆ: ಮೆಣಸಗಿಯ ಹಳೆಯ ಕಾಗದಗಳಿಂದ ಒಂದು ಪಾಠ



ಅಡಿಕೆ ಮರ ಹಳದಿಗೆ ತಿರುಗಿದರೆ ನಾವು ಬುಡ ಕೆದಕಿ ಬೇರು ನೋಡುತ್ತೇವೆ. ಕಾಫಿ ಗಿಡ ಒಣಗಿದರೆ ಕಾಂಡ ಸೀಳಿ ಕೊರಕ ಹುಳು ಹುಡುಕುತ್ತೇವೆ. ಮನೆತನದ ವಿಷಯ ಬಂದಾಗ ಮಾತ್ರ ಕೇಳಿದ ಮಾತನ್ನೇ ನಂಬಿ ಸುಮ್ಮನಾಗುತ್ತೇವೆ. ಯಜಮಾನರು ತೀರಿಕೊಂಡು, ಪೌತಿ ಖಾತೆಗಾಗಿ ವಂಶವೃಕ್ಷ ಬರೆದು ಕೊಡಬೇಕಾದಾಗ ಅಜ್ಜನಿಗೆ ಒಡಹುಟ್ಟಿದವರು ಎಷ್ಟು ಮಂದಿ ಎಂಬ ಪ್ರಶ್ನೆ ಏಳುತ್ತದೆ.

ನಮ್ಮ ಮನೆಯಲ್ಲೂ ಹಾಗೆಯೇ ಆಯಿತು. ನಾವು ಅಜ್ಜನ ಕಾಲದಿಂದ ಘಟ್ಟದ ಸೀಮೆಯಲ್ಲಿ ಅಡಿಕೆ, ಕಾಫಿ ಬೆಳೆಯುತ್ತಿರುವವರು. ಮೂಲ ಊರು ರೋಣ ತಾಲೂಕಿನ ಮೆಣಸಗಿ. ಎರೆಭೂಮಿ, ಜೋಳ ಹತ್ತಿಯ ನಾಡು. ಅಲ್ಲಿದ್ದ ಎಂಟು ಎಕರೆ ಹೊಲವನ್ನು ದಾಯಾದಿಗಳು ನುಂಗಿದರು, ಅದಕ್ಕೇ ವಿಧವೆಯಾದ ಮುತ್ತಜ್ಜಿ ಚಿಕ್ಕ ಮಗನನ್ನು ಕರೆದುಕೊಂಡು ಕೂಲಿಗಾಗಿ ಘಟ್ಟಕ್ಕೆ ಬಂದಳು ಎಂಬುದು ನಾವು ಬುದ್ಧಿ ಬಂದಾಗಿನಿಂದ ಕೇಳಿದ ಮಾತು. ಆ ಸಿಟ್ಟಿನಲ್ಲಿ ನಮ್ಮವರು ಆ ಕಡೆಯ ಮದುವೆಗೂ ಹೋಗಲಿಲ್ಲ, ಸಾವಿಗೂ ಹೋಗಲಿಲ್ಲ. ತಂದೆಯವರು ತೀರಿಕೊಂಡ ಮೇಲೆ ವಂಶವೃಕ್ಷ ಸರಿಪಡಿಸಲು ಹೊರಟು ಆ ಊರಿನ ಕಾಗದಗಳನ್ನು ನೋಡಿದೆವು. ನೋಡಿದ ಕ್ರಮವನ್ನೂ ಅಲ್ಲಿ ಕಂಡದ್ದನ್ನೂ ಇಲ್ಲಿ ಬರೆದಿದ್ದೇವೆ. ನಿಮ್ಮ ಮೂಲ ಊರು ಯಾವುದೇ ಇರಲಿ, ಕ್ರಮ ಹೆಚ್ಚು ಕಡಿಮೆ ಇದೇ.

1. ಮೊದಲು ಮನೆಯಲ್ಲಿ

ಕಚೇರಿಗೆ ಹೋಗುವ ಮೊದಲು ಒಂದು ನೋಟುಬುಕ್ಕಿನಲ್ಲಿ ತಲೆಮಾರಿಗೆ ಒಂದು ಪುಟದಂತೆ ಹೆಸರುಗಳನ್ನು ಬರೆಯಿರಿ. ಹೆಸರು, ಅಡ್ಡಹೆಸರು, ಉರ್ಫ್ ಹೆಸರು, ತಂದೆ, ತಾಯಿ, ತಾಯಿಯ ತವರೂರು, ಮದುವೆಯಾಗಿ ಹೋದ ಊರು, ಸತ್ತ ಕಾಲ, ಇಷ್ಟು ಇರಲಿ. ಮನೆಯ ಹಿರಿಯ ಹೆಂಗಸರನ್ನು ಮೊದಲು ಕೇಳಿರಿ. ಯಾರಿಗೆ ಯಾರನ್ನು ಕೊಟ್ಟಿತ್ತು ಎಂಬುದು ಗಂಡಸರಿಗಿಂತ ಅವರಿಗೆ ಚೆನ್ನಾಗಿ ನೆನಪಿರುತ್ತದೆ.

ಹಿರಿಯರು ಇಸವಿ ಹೇಳುವುದಿಲ್ಲ, ಸಂವತ್ಸರ ಹೇಳುತ್ತಾರೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ ಎಂಬುದನ್ನು ಮರೆಯಬಾರದು. ನಮ್ಮವರು 'ಧಾತು ಸಂವತ್ಸರದಲ್ಲಿ ಊರು ಬಿಟ್ಟೆವು' ಎನ್ನುತ್ತಿದ್ದರು. ಧಾತು, ಈಶ್ವರ ಸಂವತ್ಸರಗಳ ಮಹಾಬರ 1876ರಿಂದ 1878ರ ವರೆಗಿನದು. ಆದ್ದರಿಂದ ನಾವು 1876 ಎಂದು ಬರೆದುಕೊಂಡೆವು. ಆದರೆ ಅಜ್ಜನ ವಯಸ್ಸಿಗೆ ಅದು ಹೊಂದಲಿಲ್ಲ. 1936-37 ಕೂಡ ಧಾತುವೇ. ತಲೆಮಾರುಗಳನ್ನು ಎಣಿಸಿದ ಮೇಲೆ ಲೆಕ್ಕ ಸರಿಹೋಯಿತು. ಅಂದರೆ ನಮ್ಮ ಮನೆಯ ಕಥೆಯಲ್ಲಿದ್ದ ಮಹಾಬರ ನಮ್ಮದಾಗಿರಲೇ ಇಲ್ಲ.

2. ಊರು ಯಾವ ಕಾಲಕ್ಕೆ ಯಾವ ಆಡಳಿತದಲ್ಲಿತ್ತು?

ಇದು ತಿಳಿಯದೆ ಹೊರಟವರು ಬಸ್ ಚಾರ್ಜು ಕಳೆದುಕೊಳ್ಳುತ್ತಾರೆ. ರೋಣ ತಾಲೂಕು 1956ರ ನವೆಂಬರ್ 1ರ ವರೆಗೆ ಮುಂಬಯಿ ಆಡಳಿತದ ಧಾರವಾಡ ಜಿಲ್ಲೆಯಲ್ಲಿತ್ತು. ಆಮೇಲೆ ಮೈಸೂರು ರಾಜ್ಯಕ್ಕೆ ಸೇರಿತು. 1973ರಲ್ಲಿ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1997ರಲ್ಲಿ ಗದಗ ಜಿಲ್ಲೆಯಾಯಿತು. ಆದ್ದರಿಂದ ಹಳೆಯ ಕಾಗದಗಳು ರೋಣ, ಗದಗ, ಧಾರವಾಡ ಮೂರೂ ಕಡೆ ಹಂಚಿಹೋಗಿರಬಹುದು. ಇನ್ನೂ ಹಿಂದಕ್ಕೆ ಹೋದರೆ ಪುಣೆ ಮತ್ತು ಮುಂಬಯಿಯ ಪತ್ರಾಗಾರಗಳಿವೆ. ಪೇಶ್ವೆಯವರ ಕಾಲದ ದಫ್ತರ ಪುಣೆಯಲ್ಲಿದ್ದು ಬಹುಪಾಲು ಮೋಡಿ ಲಿಪಿಯಲ್ಲಿದೆ. ಮೋಡಿ ಓದಬಲ್ಲವರ ಸಹಾಯ ಬೇಕು.

ಅಡ್ಡಹೆಸರೂ ಒಂದು ದಾಖಲೆಯೇ. ಉತ್ತರ ಕರ್ನಾಟಕದಲ್ಲಿ ಊರಿನ ಹೆಸರೇ ಅಡ್ಡಹೆಸರಾದ ಮನೆತನಗಳು ಬಹಳ. ಆದರೆ ಒಂದು ಸೂಕ್ಷ್ಮವುಂಟು: ಮೆಣಸಗಿಯಲ್ಲೇ ಇದ್ದವರನ್ನು ಊರವರು 'ಮೆಣಸಗಿಯವರು' ಎಂದು ಕರೆಯುವ ಅಗತ್ಯವಿಲ್ಲ. ಊರು ಬಿಟ್ಟು ಬೇರೆ ಕಡೆ ಹೋದಾಗ ಆ ಹೆಸರು ಅಂಟುತ್ತದೆ. ಹಾಗಾಗಿ ಮೂಲ ಊರಿನ ಕಾಗದದಲ್ಲಿ ನಿಮ್ಮ ಅಡ್ಡಹೆಸರು ಸಿಗದಿದ್ದರೆ ಗಾಬರಿ ಬೇಡ. ಅಲ್ಲಿ ನಿಮ್ಮವರಿಗೆ ಬೇರೆ ಮನೆ ಹೆಸರು ಇದ್ದಿರಬಹುದು.

3. ಹೆಳವರ ಹೊತ್ತಿಗೆ

ಆ ಸೀಮೆಯಲ್ಲಿ ಸರಕಾರಿ ಕಾಗದಕ್ಕಿಂತ ಹಳೆಯದೊಂದು ವ್ಯವಸ್ಥೆ ಇದೆ. ಹೆಳವರು ಸುಗ್ಗಿಯ ನಂತರ ತಮಗೆ ಸೇರಿದ ಮನೆತನಗಳ ಬಾಗಿಲಿಗೆ ಬಂದು ಆ ಮನೆಯ ಮೂಲ ಊರು, ಬೆಡಗು, ಹಿರಿಯರ ಹೆಸರುಗಳನ್ನು ಸಾಲಾಗಿ ಹೇಳುತ್ತಾರೆ. ಹೊಸದಾಗಿ ಹುಟ್ಟಿದವರ ಹೆಸರನ್ನು ಹೊತ್ತಿಗೆಗೆ ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ಹಣ ಅವರ ಸಂಭಾವನೆ. ಘಟ್ಟಕ್ಕೆ ಬಂದು ನೆಲೆಸಿದ ನಮ್ಮಂಥವರಿಗೆ ಈ ಸಂಬಂಧ ತಪ್ಪಿಹೋಗಿದೆ. ಮೂಲ ಊರಿನಲ್ಲಿ ವಿಚಾರಿಸಿದರೆ ನಿಮ್ಮ ಮನೆತನದ ಹೆಳವರು ಯಾರೆಂದು ತಿಳಿಯಬಹುದು. ಆದರೆ ಹೆಳವರ ಪಾಠ ಹೆಚ್ಚಾಗಿ ಗಂಡುಮಕ್ಕಳ ಸಾಲನ್ನೇ ಹಿಡಿದು ಸಾಗುತ್ತದೆ ಎಂಬುದು ನೆನಪಿರಲಿ.

4. ತಾಲೂಕು ಕಚೇರಿಯಲ್ಲಿ

ನಾವು ಪಹಣಿ ಎನ್ನುವುದನ್ನು ಅಲ್ಲಿ ಉತಾರ ಎನ್ನುತ್ತಾರೆ. ಇಂದಿನ ಉತಾರ ಕಂಪ್ಯೂಟರಿನಲ್ಲಿ ಸಿಗುತ್ತದೆ. ಹಳೆಯ ಕೈಬರಹದ ಉತಾರ ಮತ್ತು ಮ್ಯುಟೇಶನ್ ರಜಿಸ್ಟರಿನ ನಕಲಿಗೆ ತಾಲೂಕು ಕಚೇರಿಯ ರೆಕಾರ್ಡ್ ರೂಮಿಗೆ ಅರ್ಜಿ ಕೊಡಬೇಕು. ಅರ್ಜಿಯಲ್ಲಿ ಗ್ರಾಮ, ಸರ್ವೆ ನಂಬರು, ಅಂದಾಜು ವರ್ಷ ಮತ್ತು ಹೆಸರು ಇರಲಿ. ಮುಂಬಯಿ ಆಡಳಿತದಲ್ಲಿ ಹಕ್ಕು ದಾಖಲೆಯ ಕಾನೂನು 1903ರಲ್ಲಿ ಬಂದು, 1913ರಲ್ಲಿ ಭೂಕಂದಾಯ ಸಂಹಿತೆಗೆ ಸೇರಿತು. ಹಾಗಾಗಿ ಆ ಭಾಗದಲ್ಲಿ ನೂರು ವರ್ಷದ ಹಿಂದಿನ ವಾರಸಾ ನೋಂದುಗಳೂ ಸಿಗುವ ಸಂಭವವುಂಟು. ಸರ್ವೆ ನಂಬರು ಹಿಸ್ಸೆಗಳಾಗಿ ಒಡೆದಿದ್ದರೆ ಆಕಾರಬಂದ್ ಮತ್ತು ಟಿಪ್ಪಣಿ ನೋಡಿ ಮೂಲ ನಂಬರಿಗೆ ಹೋಗಬೇಕು.

ಬರವಣಿಗೆಯ ರೀತಿಯನ್ನು ತಿಳಿದುಕೊಳ್ಳಿರಿ. ಹಳೆ ಮೈಸೂರಿನ ಕಾಗದದಲ್ಲಿ ಮಗನಿಗೆ 'ಬಿನ್', ಹೆಂಡತಿಗೆ 'ಕೋಂ' ಎಂದು ಬರೆದರೆ, ಧಾರವಾಡದ ಕಡೆ 'ತಂದೆ', 'ಗಂಡ' ಎಂದು ಬರೆಯುತ್ತಾರೆ. 'ಬಸಪ್ಪ ತಂದೆ ಈರಪ್ಪ' ಎಂದರೆ ಈರಪ್ಪನ ಮಗ ಬಸಪ್ಪ. ಮೊಮ್ಮಗನಿಗೆ ಅಜ್ಜನ ಹೆಸರಿಡುವುದರಿಂದ 'ಈರಪ್ಪ ತಂದೆ ಬಸಪ್ಪ'ನೂ ಬರುತ್ತಾನೆ. ವರ್ಷ ನೋಡದೆ ಇಬ್ಬರನ್ನೂ ಒಬ್ಬನೆಂದು ತಿಳಿಯಬಾರದು. 'ಅಜ್ಞಾನ' ಎಂದರೆ ವಯಸ್ಸಿಗೆ ಬಾರದವನು; 'ಅ.ಪಾ.ಕ.' ಎಂದರೆ ಅಂಥವನ ಪಾಲನಕರ್ತರು. ಖಾತೆಯಲ್ಲಿ ಒಬ್ಬನದೇ ಹೆಸರಿದ್ದರೂ ಆತ ಅವಿಭಕ್ತ ಕುಟುಂಬದ ಯಜಮಾನನಾಗಿ ಇದ್ದಿರಬಹುದು.

ನಮ್ಮ ಮುತ್ತಜ್ಜ ಸತ್ತಾಗಿನ ವಾರಸಾ ನೋಂದಿನಲ್ಲಿ ಅಜ್ಜನ ಹೆಸರಿತ್ತು: ಅಜ್ಞಾನ, ಅ.ಪಾ.ಕ. ತಾಯಿ. ಅಷ್ಟೇ. ಕೆಲವು ವರ್ಷಗಳ ನಂತರ ಅದೇ ಹೊಲ 'ಖರೀದಿ' ಎಂಬ ಕಾರಣದಿಂದ ಬೇರೆಯವರ ಹೆಸರಿಗೆ ಹೋಗಿತ್ತು. ಕೊಂಡವರು ನಾವು ದೂರುತ್ತಿದ್ದ ದಾಯಾದಿಗಳಲ್ಲ! ಇಲ್ಲಿಗೆ ನಮ್ಮ ಕಥೆಯ ಒಂದು ಕಾಲು ಮುರಿಯಿತು.

5. ಉಪನೋಂದಣಿ ಕಚೇರಿಯಲ್ಲಿ

ಮ್ಯುಟೇಶನ್ 'ಏನಾಯಿತು' ಎಂದು ಹೇಳುತ್ತದೆ. 'ಏಕೆ' ಎಂದು ಹೇಳುವುದು ನೋಂದಾಯಿತ ಪತ್ರ. 1908ರ ನೋಂದಣಿ ಕಾಯಿದೆಯಂತೆ ಸ್ಥಿರಾಸ್ತಿಯ ಕ್ರಯ, ವಿಭಾಗ, ದಾನಪತ್ರಗಳು 1ನೇ ಪುಸ್ತಕದಲ್ಲಿ ನಕಲಾಗುತ್ತವೆ. ಮರಣಶಾಸನಗಳು 3ನೇ ಪುಸ್ತಕದಲ್ಲಿ. ಮೊದಲನೆಯ ಸೂಚಿ ಜನರ ಹೆಸರಿನ ಮೇಲೆ, ಎರಡನೆಯದು ಆಸ್ತಿಯ ಮೇಲೆ. ನಿಗದಿಯಾದ ಶುಲ್ಕ ಕಟ್ಟಿ 1ನೇ ಪುಸ್ತಕವನ್ನು ಯಾರು ಬೇಕಾದರೂ ಪರಿಶೀಲಿಸಬಹುದು, ನಕಲು ಪಡೆಯಬಹುದು. ಪತ್ರ ಸಿಕ್ಕರೆ ಮೂರು ಜಾಗ ತಪ್ಪದೆ ಓದಿರಿ: ಮಾರಲು ಕಾರಣ, ಚಕ್ಕುಬಂದಿ, ಸಾಕ್ಷಿಗಳ ಸಹಿ. ಚಕ್ಕುಬಂದಿಯಲ್ಲಿ ನೆರೆಹೊಲದ ದಾಯಾದಿಗಳ ಹೆಸರು ಸಿಗುವುದುಂಟು.

1936ರ ಆ ಕ್ರಯಪತ್ರವನ್ನು ನಾವು ಎರಡು ಸಲ ಓದಿದೆವು. ಮಾರಿದವಳು ಮುತ್ತಜ್ಜಿ. ಕಾರಣ: ಗಂಡ ಮಾಡಿದ ಸಾಲ ಮತ್ತು 'ಮಗಳ ಮದುವೆಯ ಖರ್ಚು'. ಹತ್ತಿಯ ಬೆಲೆ ಬಿದ್ದು ರೈತರ ಸಾಲ ಬೆಳೆದಿದ್ದ ಕಾಲವದು. ದಾಯಾದಿಯ ಹೆಸರು ಇತ್ತು, ಆದರೆ ಸಾಕ್ಷಿಯ ಜಾಗದಲ್ಲಿ.

ಮಗಳು! ನಮ್ಮ ಅಜ್ಜನಿಗೆ ಒಬ್ಬ ಅಕ್ಕ ಇದ್ದಳೆಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ವಾರಸಾ ನೋಂದಿನಲ್ಲಿ ಅವಳಿಲ್ಲ, ನಾವು ಬರೆದ ವಂಶವೃಕ್ಷದಲ್ಲೂ ಇಲ್ಲ.

6. ಊರಿಗೆ ಹೋಗಿ ಕೇಳುವುದು

ಕಾಗದ ಹಿಡಿದು ಮೆಣಸಗಿಗೆ ಹೋದೆವು. ಅಳುಕುತ್ತಲೇ ದಾಯಾದಿಗಳ ಬಾಗಿಲಲ್ಲಿ ನಿಂತೆವು. ಆ ಮನೆಯ ಹಿರಿಯ ತಾಯಿ ನಮ್ಮನ್ನು ಒಳಗೆ ಕರೆದು ಕೂಡಿಸಿ, ನೀರು ಕೊಟ್ಟು, ಕೇಳಿದ ಕೂಡಲೇ ಹೇಳಿದರು: "ಮಗಳ ಮದವಿ ಮಾಡಾಕ ಹೊಲಾ ಕೊಟ್ಟಾಳ್ರೀ ನಿಮ್ಮಮ್ಮ. ನಮ್ಮ ಮುತ್ಯಾ ಬರೇ ಸಾಕ್ಷಿ ಹಾಕ್ಯಾನ. ಆ ಹುಡುಗಿ ಮುಂದ ಬಾಣಂತ್ಯಾಗ ತೀರಿಕೊಂಡ್ಳು. ಆ ದುಃಖದಾಗ ನಿಮ್ಮಮ್ಮ ಊರು ಬಿಟ್ಟ್ಳು."

ನಾವು ಮಾತಾಡಲಿಲ್ಲ. ಮುತ್ತಜ್ಜಿ ಮಗಳ ಹೆಸರನ್ನು ಮತ್ತೆ ಬಾಯಿಗೆ ತಂದಿರಲಿಕ್ಕಿಲ್ಲ. ಮಗಳನ್ನು ಬಿಟ್ಟು ಕಥೆ ಹೇಳಿದ ಮೇಲೆ ಹೊಲ ಹೋದದ್ದಕ್ಕೆ ಕಾರಣವೇ ಉಳಿಯಲಿಲ್ಲ. ಕಾರಣವಿಲ್ಲದ ಜಾಗದಲ್ಲಿ ದಾಯಾದಿಗಳು ಬಂದು ಕೂತರು. ಒಂದು ಹುಡುಗಿಯ ಹೆಸರು ಬಿಟ್ಟುಹೋದದ್ದರಿಂದ ಎರಡು ಮನೆಗಳು ಎಂಬತ್ತು ವರ್ಷಕ್ಕೂ ಮೇಲೆ ಮಾತು ಬಿಟ್ಟವು.

7. ಇದರಿಂದ ಕಲಿಯತಕ್ಕದ್ದು

ವಂಶವೃಕ್ಷದಲ್ಲಿ ಹೆಣ್ಣುಮಕ್ಕಳನ್ನು ಬಿಡಬಾರದು. ಮದುವೆಯಾದವರು, ಸತ್ತವರು, ಮಕ್ಕಳಿಲ್ಲದವರು, ದೂರವಾದವರು ಎಲ್ಲರನ್ನೂ ಬರೆಯಿರಿ. ದತ್ತು ಬಂದವರನ್ನೂ ದತ್ತು ಹೋದವರನ್ನೂ ಹಾಗೆಂದೇ ನಮೂದಿಸಿರಿ.

ಕಾನೂನೂ ಇದನ್ನೇ ಕೇಳುತ್ತದೆ. ಕರ್ನಾಟಕದಲ್ಲಿ 1994ರ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದಲ್ಲಿ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. ಆ ದಿನ ತಂದೆ ಬದುಕಿರಬೇಕೆಂಬ ನಿಬಂಧನೆ ಇಲ್ಲವೆಂದು 2020ರಲ್ಲಿ ಸುಪ್ರೀಂ ಕೋರ್ಟು ಹೇಳಿತು. 2004ರ ಡಿಸೆಂಬರ್ 20ಕ್ಕೆ ಮೊದಲು ಕ್ರಮವಾಗಿ ಆಗಿಹೋದ ವಿಭಾಗಗಳಿಗೆ ಇದರಿಂದ ಬಾಧೆಯಿಲ್ಲ. ಅಕ್ಕತಂಗಿಯರು ಪಾಲು ಬೇಡವೆನ್ನುವುದಾದರೆ ಅದಕ್ಕೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರವಿದೆ. ಬೇಡವೆನ್ನುವುದು ಅವರ ಮಾತಾಗಬೇಕು. ಹೆಸರನ್ನೇ ಬರೆಯದೆ ಬಿಡುವುದು ನಮ್ಮ ತಪ್ಪಾಗುತ್ತದೆ. ಅಂಥ ವಂಶವೃಕ್ಷದ ಮೇಲೆ ಮಾಡಿಸಿದ ಖಾತೆ ಮುಂದೊಂದು ದಿನ ಕೋರ್ಟಿನ ಮೆಟ್ಟಿಲು ಹತ್ತಿಸುತ್ತದೆ.

ನಾವು ಮೊದಲು ಬರೆದಿದ್ದ ವಂಶವೃಕ್ಷವನ್ನು ಹರಿದು ಹಾಕಿ ಹೊಸದು ಬರೆದೆವು. ನಮ್ಮ ಇಬ್ಬರು ಅಕ್ಕಂದಿರು, ಒಬ್ಬಳು ತಂಗಿ, ತೀರಿಕೊಂಡ ಸೋದರತ್ತೆ, ಅಜ್ಜನ ಅಕ್ಕ ಎಲ್ಲರೂ ಈಗ ಅದರಲ್ಲಿದ್ದಾರೆ. ಕಳೆದ ಸುಗ್ಗಿಯಲ್ಲಿ ಮೆಣಸಗಿಯವರ ಮನೆಯ ಮದುವೆಗೆ ನಾವು ಹೋಗಿದ್ದೆವು. ಹೋಗುವಾಗ ತೋಟದ ಅಡಿಕೆ ಒಯ್ದೆವು, ಬರುವಾಗ ಅವರು ಜೋಳದ ಚೀಲ ಹೊರಿಸಿ ಕಳಿಸಿದರು.

ಈ ತಿಂಗಳ ಅಭ್ಯಾಸ

ಕೊಯಿಲಿನ ಕೆಲಸ ಮುಗಿದ ಒಂದು ಸಂಜೆ ಮನೆಯ ಹಿರಿಯರನ್ನು ಕೂಡಿಸಿಕೊಂಡು ನಾಲ್ಕು ತಲೆಮಾರಿನ ಹೆಸರು ಬರೆಯಿರಿ. ಎಲ್ಲಿ ಹೆಣ್ಣುಮಗಳ ಹೆಸರು ಗೊತ್ತಾಗುವುದಿಲ್ಲವೋ ಅಲ್ಲಿ ಜಾಗ ಖಾಲಿ ಬಿಡಿರಿ, ಗೆರೆ ಎಳೆದು ಮುಚ್ಚಬೇಡಿರಿ. ಹುಡುಕಾಟವನ್ನು ಆ ಖಾಲಿ ಜಾಗದಿಂದಲೇ ಆರಂಭಿಸತಕ್ಕದ್ದು.